ಹೊಳೆಹುಳುವಿನ ಮೂರು ಮನೆ

"ಕೇಳಿರಿ, ಕೇಳಿರಿ! ಹೇಮಗಿರಿಯ ಅರಸರು ಒಡ್ಡುವ ಮೂರು ಒಗಟು ಬಿಡಿಸಿದವರಿಗೆ ಹೊಳೆದಂಡೆಯ ಊರೊಂದು ಉಂಬಳಿ. ಅಲ್ಲಿಯವರೆಗೆ ಸೋತು ಸೆರೆ ಸೇರಿದವರಿಗೆಲ್ಲ ಬಿಡುಗಡೆ. ಯಾರೂ ಬಿಡಿಸದಿದ್ದರೆ ಹುಣ್ಣಿಮೆಯ ದಿನ ಸೋತವರ ತಲೆ ಉರುಳುವುದು!"

ಡಂಗುರ ಸಾರಿ ತಿಂಗಳಾಗುತ್ತ ಬಂದಿತ್ತು. ಅರಸನಿಗೆ ಹೊಳೆಯ ಹುಳುಗಳ ಹುಚ್ಚು. ಆ ಹುಚ್ಚಿಗೆ ಸಿಕ್ಕಿ ಏಳು ಜನ ಸೆರೆಮನೆಯಲ್ಲಿ ದಿನ ಎಣಿಸುತ್ತಿದ್ದರು. ಅವರಲ್ಲೊಬ್ಬ ಭೈರ, ಹೊಳೆಯ ಮರಳು ತೊಳೆದು ಪುಡಿಚಿನ್ನ ಆರಿಸುವ ಜಲಗಾರ. ಹುಣ್ಣಿಮೆಯ ಬೆಳಗ್ಗೆ ಅವನ ತಮ್ಮ ಚಿಕ್ಕೀರ ಒದ್ದೆ ಪಂಚೆಯಲ್ಲೇ ಅರಮನೆಗೆ ಓಡಿಬಂದ. ಅಣ್ಣನನ್ನು ಉಳಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ.

ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಅರಸ ಕೇಳಿದ: "ಗಾರೆಯಿಲ್ಲ, ಗಾರೆಯವನಿಲ್ಲ. ಹೊಳೆಯ ತಳದಲ್ಲಿ ಮನೆ ಕಟ್ಟಿಕೊಂಡು, ಅದನ್ನು ಹೊತ್ತೇ ತಿರುಗುವವನು ಯಾರು?"

"ಬಸವನಹುಳು, ಮಹಾಪ್ರಭು" ಎಂದ ಸೆಟ್ಟಿಯ ಮಗ.

"ಅದರ ಚಿಪ್ಪು ಮೈಮೇಲೆ ಬೆಳೆಯುತ್ತದೆ. ಅದು ಕಟ್ಟಿಕೊಂಡದ್ದಲ್ಲ" ಎಂದ ಅರಸ. ಭಟರು ಅವನನ್ನು ಎಳೆದೊಯ್ದರು.

ಎರಡನೆಯವನು ಪಂಡಿತ. "ಮರಳು, ಕಡ್ಡಿ ಅಂಟಿಸಿ ಕೊಳವೆಮನೆ ಕಟ್ಟಿಕೊಳ್ಳುವ ಹೊಳೆಹುಳು" ಎಂದು ಮೊದಲನೆಯದನ್ನು ಬಿಡಿಸಿದ. ಅರಸ ನೀರಿನ ಬಟ್ಟಲು ಮುಂದಿಟ್ಟ. ಅದರಲ್ಲಿ ಮೂರು ಪುಟ್ಟ ಕೊಳವೆಗಳು: ಒಂದು ಮರಳಿನದು, ಒಂದು ಕಡ್ಡಿಯದು, ಒಂದು ಎಲೆಚೂರಿನದು. "ಇವುಗಳೊಳಗಿನ ಹುಳುಗಳದು ಎಷ್ಟು ಕುಲ?"

"ಮನೆ ಮೂರು ಬಗೆ, ಕುಲವೂ ಮೂರು."

"ಭೈರನೂ ಇದನ್ನೇ ಹೇಳಿ ಕೆಟ್ಟ" ಎಂದ ಅರಸ.

ಚಿಕ್ಕೀರನ ಸರದಿ ಬಂತು. ಮೊದಲನೆಯದಕ್ಕೆ ಅವನೂ ಹೊಳೆಹುಳು ಎಂದೇ ಹೇಳಿ, ಬಟ್ಟಲಿನತ್ತ ಬಗ್ಗಿದ. "ಒಂದೇ ಕುಲ ಬುದ್ಧಿ" ಎಂದ.

"ಮೂರಲ್ಲ ಎಂದು ಈಗ ಎಲ್ಲರಿಗೂ ಗೊತ್ತು. ಬಾಯಿಮಾತು ಬೇಡ, ತೋರಿಸು."

ಚಿಕ್ಕೀರ ಹುಳುಗಳನ್ನು ಮನೆಯಿಂದ ಮೆಲ್ಲಗೆ ಬಿಡಿಸಿ, ಮರಳು ಹಾಸಿದ ನೀರಿನ ತಟ್ಟೆಗೆ ಬಿಟ್ಟ. "ಅಣ್ಣ ಮರಳು ತೊಳೀತಾನೆ ಬುದ್ಧಿ. ಚಿನ್ನದ ಕಣ ಅಂಟಿರ್ತದೆ ಅಂತ ದಿನಾ ಇವುಗಳ ಮನೆ ಮುರಿಯೋನು ನಾನು. ಪಾಪದ ಕೆಲಸ. ಆದರೆ ಬೆತ್ತಲಾದ ಹುಳ ಮತ್ತೆ ಕಟ್ತದೆ. ಹತ್ರ ಏನಿದ್ರೆ ಅದರಲ್ಲೇ."

ಒಂದು ಗಳಿಗೆಯಾಯಿತು. ಎರಡು ಹುಳುಗಳು ಮರಳು ಹೆಣೆಯತೊಡಗಿದವು. ಮೂರನೆಯದು ಅಲುಗಲಿಲ್ಲ. ಬಿಡಿಸುವಾಗ ತನ್ನ ಹಿಡಿತ ಬಿಗಿಯಾಗಿ ಹುಳು ಸತ್ತೇಹೋಯಿತೋ ಎಂದು ಚಿಕ್ಕೀರ ತಟ್ಟೆಯತ್ತ ಬಗ್ಗಿದ. ಹೊರಗೆ ತಲೆ ಕಡಿಯುವವನು ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಅರಸ ಬೇಸತ್ತು ಕೈಯೆತ್ತಿದ. ಅಷ್ಟರಲ್ಲಿ ಆ ಹುಳು ಕಾಲು ಚಾಚಿ ಒಂದು ಮರಳಕಾಳನ್ನು ತಬ್ಬಿಕೊಂಡಿತು.

"ಕೊನೆಯದು" ಎಂದ ಅರಸ. "ಬೆಟ್ಟದ ಮೂಡಣ ಹೊಳೆಯಲ್ಲೂ ಈ ಕುಲವುಂಟು, ಪಡುವಣ ಹೊಳೆಯಲ್ಲೂ ಉಂಟು. ಆ ಹೊಳೆಗಳು ಎಲ್ಲೂ ಕೂಡುವುದಿಲ್ಲ. ಮನೆ ಹೊತ್ತವನು ಬೆಟ್ಟ ದಾಟಿದ್ದು ಹೇಗೆ?"

"ಹೊತ್ಕೊಂಡು ದಾಟಲಿಲ್ಲ ಬುದ್ಧಿ, ಬಿಟ್ಟು ದಾಟಿತು. ಬೆಳೆದ ಮೇಲೆ ಮನೆ ಬಾಗಿಲು ಮುಚ್ಚಿ ಮಲಗ್ತದೆ. ರೆಕ್ಕೆ ಬಲಿತ ಮೇಲೆ ಹೊರಗೆ ಬಂದು ಪತಂಗದ ಹಂಗೆ ಹಾರ್ತದೆ. ಆಚೆ ಹೊಳೇಲಿ ಮೊಟ್ಟೆ ಇಡ್ತದೆ."

ಅರಸ ಸಿಂಹಾಸನದಿಂದ ಇಳಿದುಬಂದ. "ಉಂಬಳಿಯ ಪತ್ರ ತನ್ನಿ!"

"ಊರು ಆಮೇಲೆ ಬುದ್ಧಿ. ಮೊದಲು ನಮ್ಮಣ್ಣ."

ಸೆರೆಯಾಳುಗಳನ್ನೆಲ್ಲ ಬಿಟ್ಟರು. ಭೈರ ಕೊನೆಗೆ ಬಂದ. ಕತ್ತಿಗೆ ಅಡ್ಡಿಯಾಗಬಾರದೆಂದು ಅವನ ಹೆಡಕಿನ ಕೂದಲು ಬೋಳಿಸಿಬಿಟ್ಟಿದ್ದರು. ಚಿಕ್ಕೀರ ಆ ನುಣ್ಣನೆಯ ಜಾಗದ ಮೇಲೆ ಕೈಯಿಟ್ಟವನು ತೆಗೆಯಲಾರದೆ ಗಳಗಳನೆ ಅತ್ತ.

"ಅಳಬ್ಯಾಡ್ವೋ" ಎಂದ ಭೈರ, ತಾನೂ ಅಳುತ್ತ. "ತಲೆ ಅಲ್ಲೇ ಐತೆ."