ಕೆಂಪು ಮೋಡ

ಬಯಲುಸೀಮೆಯ ಒಂದು ಗುಡ್ಡದ ಮೇಲೆ ಹವಾಮಾನದ ರಾಡಾರ್ ಇತ್ತು. ಚನ್ನಮಲ್ಲಯ್ಯ ಎಂಬ ಹಿರಿಯರು ಅಲ್ಲಿ ಕೂತು ಮೋಡಗಳನ್ನು ಓದುತ್ತಿದ್ದರು. ನೀಲಾಂಬಿಕೆ ಅವರ ಬಳಿ ಆ ವಿದ್ಯೆ ಕಲಿಯುತ್ತಿದ್ದಳು.

ಹಿಂದಿನ ವಾರ ಅವಳು ತಪ್ಪಲಿನ ಕುರಿಗಾಹಿಗಳಿಗೆ ಆಲಿಕಲ್ಲು ಬೀಳುತ್ತದೆಂದು ತಿಳಿಸಿದ್ದಳು. ಅವರು ಮೇಯುತ್ತಿದ್ದ ಕುರಿಗಳನ್ನು ಅಟ್ಟಿಕೊಂಡು ಹೋಗಿ ಖಾಲಿ ಗೋದಾಮಿನಲ್ಲಿ ಕೂಡಿಹಾಕಿದ್ದರು. ಬಿದ್ದದ್ದು ಬರೀ ಮಳೆ. ಅವರಲ್ಲಿ ಹಿರಿಯನಾದ ಬೀರಪ್ಪ ಫೋನ್ ಮಾಡಿ ಬೈದಿದ್ದ.

ಈ ಮಧ್ಯಾಹ್ನ ಪಡುವಣದಲ್ಲಿ ಮತ್ತೆ ಮೋಡ ಎದ್ದಿತು. ಪರದೆಯ ಮೇಲೆ ಅದರ ನಡುಭಾಗ ಕೆಂಪಾಯಿತು. ಜೋರು ಮಳೆಗೂ ಆಲಿಕಲ್ಲಿಗೂ ಅಲ್ಲಿ ಅದೇ ಬಣ್ಣ.

ಏನು ಕಾಣುತ್ತದೆ ಎಂದು ಗುರುಗಳು ಕೇಳಿದರು.

"ಹೋದ ವಾರ ಬರೇ ಕೆಂಪು ನೋಡಿದ್ದೆ ಸರ್. ಇವತ್ತ ಮೋಡದಾಗ ಬೀಳೋದರ ಆಕಾರಾನೂ ನೋಡೀನ್ರಿ. ದೊಡ್ಡ ಮಳೆಹನಿ ಬೀಳುವಾಗ ಚಪ್ಪಟೆ ಆಗ್ತೈತಿ. ಇದು ಆಗವಲ್ದು. ಉರುಳಿಕೋತ ಬರಾಕತ್ತೈತಿ."

"ಅಂದ್ರ?"

"ಕಲ್ಲು."

ಆದರೂ ಅವಳ ಕೈ ಫೋನಿನ ಕಡೆ ಹೋಗಲಿಲ್ಲ. ರಾಡಾರ್ ಇನ್ನೊಂದು ಸುತ್ತು ತಿರುಗಲಿ, ಖಾತ್ರಿಯಾದ ಮೇಲೆ ಹೇಳುತ್ತೇನೆ ಎಂದಳು. ಇನ್ನೊಮ್ಮೆ ತಪ್ಪಿದರೆ ಆ ಜನ ತನ್ನ ಮಾತನ್ನು ಎಂದೂ ಕೇಳಲಾರರು ಎಂಬ ಭಯ ಅವಳಿಗೆ.

ಗುರುಗಳು ಎದ್ದು ಕಿಟಕಿ ತೆರೆದರು. ಅಂಗೈಯನ್ನು ಹೊರಗೆ ಚಾಚಿ ಸುಮ್ಮನೆ ನಿಂತರು.

"ಏನ್ ಮಾಡಾಕತ್ತೀರಿ ಸರ್?"

"ಖಾತ್ರಿ ಆಗಲಿ ಅಂತ ಕಾಯಾಕತ್ತೀನಿ ತಂಗಿ. ಕಲ್ಲು ಕೈಯಾಗ ಬಿದ್ದ ಮ್ಯಾಲೆ ಬೀರಪ್ಪಗ ಹೇಳೋಣು."

ನೀಲಾಂಬಿಕೆ ಫೋನ್ ತೆಗೆದುಕೊಂಡಳು.

ಕಂಡದ್ದನ್ನು ಕಂಡ ಹಾಗೆ ಬೀರಪ್ಪನಿಗೆ ಹೇಳಿದಳು. ತನ್ನ ಲೆಕ್ಕ ತಪ್ಪಲೂಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಒಳ್ಳೆಯ ಮೇವು ಸಿಕ್ಕಾಗಲೇ ನಿಮಗೆ ಮೋಡ ಕಾಣುತ್ತದೆ ಎಂದು ಅವನು ಗೊಣಗಿದ. ಆಮೇಲೆ ಅವನು ಕುರಿಗಳನ್ನು ಕರೆಯುವ ದನಿ ಫೋನಿನಲ್ಲೇ ಕೇಳಿಸಿತು.

ಸಂಜೆಗೆ ಮುಂಚೆ ಆಲಿಕಲ್ಲು ಸುರಿಯಿತು. ಮೇವಿನ ಬಯಲು ಬೆಳ್ಳಗಾಯಿತು.

ಬೀರಪ್ಪನೇ ಫೋನ್ ಮಾಡಿದ. ಗೋದಾಮಿನ ತಗಡಿನ ಸದ್ದಿನಲ್ಲಿ ಅವನ ಮಾತು ನೆಟ್ಟಗೆ ಕೇಳಲಿಲ್ಲ. ಮರಿ ಸಮೇತ ಎಲ್ಲವೂ ಒಳಗಿವೆ ಎಂಬುದಷ್ಟೇ ತಿಳಿಯಿತು.

ನೀಲಾಂಬಿಕೆ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು:

"ಸರ್, ಇವತ್ತೂ ಬರೇ ಮಳೀನ ಬಂದಿದ್ರ?"

"ಬೀರಪ್ಪ ಬೈತಿದ್ದ," ಎಂದರು ಗುರುಗಳು. "ಬೈಯಾಕ ಅವನೂ ಇರ್ತಿದ್ದ, ಕುರೀನೂ ಇರ್ತಿದ್ವು."