ಸಾಹೇಬರ ಕುರ್ಚಿಗೆ ಬಿದ್ದ ಗೆರೆ

ಬಸ್ ಡಿಪೋದ ಮೆಕ್ಯಾನಿಕ್ ದಾವಲಸಾಬನಿಗೆ ಒಂದು ಚಾಳಿ. ಯಾವ ಕಬ್ಬಿಣದಲ್ಲಿ ಬಿರುಕು ಕಂಡರೂ ಅದರ ತುದಿಗೆ ಬಿಳಿ ಗೆರೆ ಎಳೆದು ತಾರೀಖು ಬರೆಯುತ್ತಿದ್ದ. ಬಿರುಕು ಗೆರೆ ದಾಟಿತೋ, ಮತ್ತೊಂದು ಗೆರೆ, ಮತ್ತೊಂದು ತಾರೀಖು.

ಏಳನೇ ನಂಬರ್ ಬಸ್ಸಿನ ಭಾರವನ್ನೆಲ್ಲ ಹೊರುವ ತಳದ ಚೌಕಟ್ಟು, ಅಂದರೆ ಚಾಸಿಯ ಮೇಲೆ ನಾಲ್ಕು ಗೆರೆ ಬಿದ್ದಾಗ ಅವನು ಬಸ್ಸು ನಿಲ್ಲಿಸಿದ. ಮ್ಯಾನೇಜರ್ ಪಟ್ಟಣಶೆಟ್ಟರು ಕೆಂಡವಾದರು. ತಮ್ಮ ಕಬ್ಬಿಣದ ಕುರ್ಚಿಯನ್ನು ಹಿಂದಿನ ಎರಡೇ ಕಾಲ ಮೇಲೆ ತೂಗುತ್ತಾ ಗುಡುಗಿದರು: "ನಿನ್ನೆ ಎಪ್ಪತ್ತು ಮಂದೀನ್ನ ಹೊತ್ತ ಚಾಸಿ ಇವತ್ತು ಮುರೀತದೇನಲೇ? ಯಾವಾಗ ಮುರೀತದ, ಬರದು ಕೊಡು. ಇಲ್ಲಾಂದ್ರ ಬಸ್ ಬಿಡು!"

ದಾವಲಸಾಬ ಬಗ್ಗಿ ಕುರ್ಚಿಯ ಕೆಳಗೊಮ್ಮೆ ಇಣುಕಿದ. ಚೀಟಿ ಬರೆದು ಮೇಜಿನ ಮೇಲಿಟ್ಟ. ಸಾಹೇಬರು ಜೋರಾಗಿ ಓದಿದರು: "ಚಾಸಿ ಈ ವಾರ. ಸಾಹೇಬರ ಕುರ್ಚಿ ಇವತ್ತು, ಊಟಕ್ಕಿಂತ ಮೊದಲು."

"ಎಂಟು ವರ್ಷದಿಂದ ಇದರ ಮ್ಯಾಲೇ ಕುಂತೀನಿ!" ಸಾಹೇಬರು ಹೊಟ್ಟೆ ಕುಣಿಸಿ ನಗುತ್ತಾ ಇನ್ನಷ್ಟು ಹಿಂದಕ್ಕೆ ವಾಲಿದರು.

ಟಣ್! ಕುರ್ಚಿಯ ಕಾಲು ಒಂದು ಕಡೆ, ಸಾಹೇಬರು ಒಂದು ಕಡೆ. ಬಿದ್ದಲ್ಲಿಂದಲೇ ನೋಡಿದರೆ, ಮುರಿದ ಕಾಲಿನ ಮೇಲೆ ಸಾಲಾಗಿ ಐದು ಬಿಳಿ ಗೆರೆ, ಐದು ತಾರೀಖು.

"ಇದನ್ನ ಮೊದಲ ಹೇಳಾಕ ಏನಾಗಿತ್ತಲೇ ನಿನಗ?"

"ಪಾಳಿ ಪ್ರಕಾರ ಹೇಳಿದ್ನಿರೀ ಸಾಹೇಬ್ರ. ಬಸ್ಸಿನ್ಯಾಗ ಎಪ್ಪತ್ತು ಮಂದಿ. ಕುರ್ಚಿ ಮ್ಯಾಲೆ ನೀವೊಬ್ರ."