ಹೊಸ ಮರದ ಹಳೇ ಗುಡಿ

"ಬುದ್ಧಿ, ತಮ್ಮ ಮಾತು ಸಾವಿರ ವರ್ಷ ಬಾಳಬೇಕು. ಕಲ್ಲಿನಲ್ಲಿ ಕೆತ್ತಿಸಿ ಮಠದ ಗೋಡೆಗೆ ಹಾಕಿಸಲೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ನಕ್ಕರು. ತಾವು ಕಡಲು ದಾಟಿದವರಲ್ಲ, ಆದರೂ ದಾಟಿ ಬಂದವರಿಗಿಂತ ಚೆನ್ನಾಗಿ ಹೇಳಬಲ್ಲೆವು ಎಂದು ಮೊದಲೇ ಒಪ್ಪಿಕೊಂಡು ಕತೆ ತೆಗೆದರು.

ಒಬ್ಬ ಶಿಲ್ಪಿಯಿದ್ದ. ಅವನ ವಂಶದವರು ಕಟ್ಟಿದ ಕಲ್ಲಿನ ಗುಡಿ ಎಂಟುನೂರು ವರ್ಷದಿಂದ ಅಲುಗದೆ ನಿಂತಿತ್ತು. ಅದನ್ನು ನೆನೆದರೆ ಅವನ ಮೀಸೆ ತಾನಾಗಿ ಮೇಲೇಳುತ್ತಿತ್ತು. ಆ ಕೆಲಸ ಬಲ್ಲವನು ಈಗ ತಾನೊಬ್ಬನೇ ಎಂಬುದು ಇನ್ನೂ ದೊಡ್ಡ ಹೆಮ್ಮೆ. ಕಲಿಯಲು ಬಂದವರನ್ನೆಲ್ಲ, ನಿಮ್ಮ ಕೈ ಒರಟು ಎಂದು ಅಟ್ಟಿಬಿಟ್ಟಿದ್ದ. ವಯಸ್ಸು ಎಪ್ಪತ್ತು ದಾಟಿತ್ತು.

ಜಪಾನಿನ ಒಂದು ಕಡಲೂರಿನಲ್ಲಿ ಸಾವಿರದ ಮುನ್ನೂರು ವರ್ಷದ ಶಿಂಟೋ ಧರ್ಮದ ಗುಡಿಯಿದೆ ಎಂದು ಕೇಳಿ ಅವನಿಗೆ ಹೊಟ್ಟೆ ಉರಿಯಿತು. ನೋಡಿಯೇ ಬಿಡೋಣವೆಂದು ಹೊರಟ. ಹೋಗಿ ನೋಡಿದರೆ ಗುಡಿ ಮರದ್ದು. ಹೊಸ ಹಲಗೆಯ ಹಸಿ ವಾಸನೆ ಇನ್ನೂ ಆರಿರಲಿಲ್ಲ. ಹಳೇ ಗುಡಿ ಇದರ ಬೆನ್ನಿಗೆ ಇರಬೇಕೆಂದು ಒಂದು ಸುತ್ತು ಬಂದ. ಸಿಗಲಿಲ್ಲ. ಇನ್ನೆರಡು ಸುತ್ತು ಹಾಕಿದ. ಊರಿನವರು, ಎಂಥ ಭಕ್ತನಪ್ಪ ಎಂದು ಸರಿದು ದಾರಿ ಬಿಟ್ಟರು.

ಕೊನೆಗೆ ಬಾಗಿಲ ಬಳಿ ಕೂತಿದ್ದ ತಲೆ ನೆರೆತ ಬಡಗಿಯನ್ನು ದುಭಾಷಿಯ ಮೂಲಕ ಕೆಣಕಿದ: "ಏನಯ್ಯ, ನಮ್ಮವರು ಕಟ್ಟಿದ ಕಲ್ಲಿನ ಗುಡಿಗೆ ಎಂಟುನೂರು ವರ್ಷ. ನಿಮ್ಮ ಸಾವಿರದ ಮುನ್ನೂರು ವರ್ಷ ಮೊನ್ನೆ ಮೊನ್ನೆ ಶುರುವಾದ ಹಾಗಿದೆ?"

ಬಡಗಿ ಬೇಸರಪಡಲಿಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಅದೇ ಅಳತೆಗೆ ಹೊಸದಾಗಿ ಕಟ್ಟಿ, ಹಳೆಯದನ್ನು ತಾವೇ ಬಿಚ್ಚುತ್ತೇವೆ ಎಂದ. "ಇಪ್ಪತ್ತರಲ್ಲಿ ಹಲಗೆ ಹೊತ್ತು ಕಲಿತೆ. ನಲವತ್ತರಲ್ಲಿ ಕಟ್ಟಿದೆ. ಈ ಸಲ ಉಳಿ ಮುಟ್ಟಲಿಲ್ಲ, ಕಲಿಸಿದೆ. ಇನ್ನು ನಾನಿಲ್ಲದಿದ್ದರೂ ಗುಡಿ ಏಳುತ್ತದೆ" ಎಂದು ಎದೆ ಸೆಟೆಸಿದ. ಆಮೇಲೆ ಮರ್ಯಾದೆಯಿಂದಲೇ ವಿಚಾರಿಸಿದ: "ನಿಮ್ಮ ಗುಡಿಯಲ್ಲಿ ಒಂದು ಕಂಬ ಮುರಿದರೆ ಯಾರು ಕೆತ್ತುತ್ತಾರೆ?"

ನಾನು ಎನ್ನಲು ಶಿಲ್ಪಿ ಬಾಯಿ ತೆರೆದ. ಎರಡು ವರ್ಷದಿಂದ ಉಳಿ ಹಿಡಿಯಲಾಗದ ತನ್ನ ಕೈ ನೋಡಿಕೊಂಡ. ಊರಿಗೆ ಮರಳಿದವನು ಸ್ವಂತ ಮನೆಗೂ ಹೋಗದೆ, ತಾನು ಅಟ್ಟಿದ್ದವರ ಮನೆಬಾಗಿಲು ಒಂದೊಂದಾಗಿ ತಟ್ಟಿದ.

ಕತೆ ಕೇಳಿ ಮುರಿಗೆಪ್ಪ ಹಿಗ್ಗಿಹೋದ. ಹಾಗಾದರೆ ಇದನ್ನೂ ಸೇರಿಸಿಯೇ ಕೆತ್ತಿಸಿಬಿಡೋಣ ಎಂದ.

ಗುರುಗಳು ಹೇಳಿದರು: "ಅದಿರಲಿ, ನಿನ್ನೆ ಕಲಿಸಿದ್ದನ್ನು ಒಮ್ಮೆ ಹೇಳಪ್ಪ, ಕೇಳೋಣ."